ನಮ್ಮೂರ ದಾಖಲಾತಿಯಲ್ಲಿ ಉಪ್ಪಾಗೆ ಮರ ಇದೆ, ಅಳ್ಳಿನ ಜೋಳ ಇಲ್ಲ

ಮುಲ್ಲಾಮಾರಿ ದಂಡೆ (ಚಿಂಚೋಳಿ ತಾಲೂಕು)

ಎಲ್ಲರಿಗೂ ಶರಣು.

ಹೋದ ವಾರ ಮನೆ ಉತಾರದ ಸಲುವಾಗಿ ನಮ್ಮ ಪಂಚಾಯ್ತಿಗೆ ಹೋಗಿದ್ದೆ. ಕಂಪ್ಯೂಟರ್ ಹುಡುಗ ಊಟಕ್ಕೆ ಹೋಗಿದ್ದ. ಸುಮ್ನೆ ಕೂತು ಬೇಜಾರಾಗಿ ಅಲ್ಮಾರಿ ಮೇಲಿದ್ದ ಒಂದು ದಪ್ಪ ಬೈಂಡ್ ಇಳಿಸಿ ಧೂಳು ಕೊಡವಿದೆ. ಮೇಲೆ 'ಜನತಾ ಜೀವವೈವಿಧ್ಯ ದಾಖಲಾತಿ' ಅಂತ ಇತ್ತು. ಊರಿನ ಗಿಡಮರ, ಬೆಳೆ, ದನ, ಜನರ ತಿಳಿವಳಿಕೆ ಎಲ್ಲಾ ಬರೆದಿಡುವ ಪುಸ್ತಕ. ನಮ್ಮೂರಿನದೇ. ಸಹಿ, ಸಿಕ್ಕಾ ಎಲ್ಲಾ ಇದೆ.

ಮರಗಳ ಪಟ್ಟಿ ತೆಗೆದರೆ ಉಪ್ಪಾಗೆ, ವಾಟೆ, ಸುರಗಿ! ನಮ್ಮ ಕಡೆ ಮೇ ತಿಂಗಳಲ್ಲಿ ಕಾಗೆಗೂ ನೆರಳು ಸಿಗೋದಿಲ್ಲ. ಇಲ್ಲಿ ಉಪ್ಪಾಗೆ ಎಲ್ಲಿಂದ ಬಂತು? ಮಲೆನಾಡಿನ ಯಾವುದೋ ಊರಿನ ಪುಸ್ತಕ ತಂದು ಊರ ಹೆಸರು ಮಾತ್ರ ಬದಲಿಸಿದ್ದಾರೆ. ಬೆಳೆಗಳ ಪುಟದಲ್ಲಿ ಮೂರೇ ಮಾತು: ತೊಗರಿ, ಜೋಳ, ಕಡಲೆ.

ನಮ್ಮ ಆಯಿಗೆ ಎಂಬತ್ತು ದಾಟಿದೆ. ಅಡುಗೆ ಮನೆಯ ತೊಲೆಗೆ ಇವತ್ತಿಗೂ ಹತ್ತು ಹನ್ನೆರಡು ಜೋಳದ ತೆನೆ ಕಟ್ಟಿರುತ್ತಾಳೆ. ಒಲೆಯ ಹೊಗೆ ಹತ್ತಿ ಅವು ಕರ್ರಗಾಗಿರುತ್ತವೆ, ಆದರೆ ಹುಳ ಬೀಳೋದಿಲ್ಲ. ಅದು ಅಳ್ಳಿನ ಜೋಳ. ಕಾಳು ಸಣ್ಣದು, ಗಟ್ಟಿ. ನಾಗರ ಪಂಚಮಿಗೆ ಅಳ್ಳು ಹುರಿಯೋದಕ್ಕೆ ಅದೇ ಆಗಬೇಕು. ಅಂಗಡಿ ಜೋಳ ಹಾಕಿದರೆ ಅರ್ಧ ಅರಳುತ್ತದೆ, ಅರ್ಧ ಹೆಂಚಿನ ಮೇಲೇ ಕರಕಲಾಗುತ್ತದೆ. ಹೊಲದ ಒಂದು ಮೂಲೆಯಲ್ಲಿ ಎರಡು ಸಾಲು ಹಾಕಿಸಿ ಪ್ರತಿ ವರ್ಷ ಬೀಜ ಉಳಿಸುತ್ತಾಳೆ. ಆ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ.

ಇನ್ನೊಂದು ವಿಷಯ. ಮಳೆಗಾಲ ಹಿಡಿಯೋ ಹೊತ್ತಿಗೆ ಬೇವಿನ ಹಣ್ಣು ಉದುರುತ್ತವೆ. ಊರ ಹೆಂಗಸರು, ಮಕ್ಕಳು ಗಾಯರಾಣ, ರಸ್ತೆ ಬದಿ, ಗುಡಿ ಹಿಂದೆ ಎಲ್ಲಾ ಕಡೆ ಬೀಜ ಆರಿಸುತ್ತಾರೆ. ವ್ಯಾಪಾರಿ ಟೆಂಪೋ ತರುತ್ತಾನೆ, ತೂಗುತ್ತಾನೆ, ರೊಕ್ಕ ಕೊಡುತ್ತಾನೆ, ಹೋಗುತ್ತಾನೆ. ಅದು ಎಣ್ಣೆಯಾಗಿ, ಔಷಧವಾಗಿ ಎಲ್ಲೋ ಮಾರಾಟ ಆಗುತ್ತದೆ. ಲಾಭದಲ್ಲಿ ಊರಿಗೆ ಪಾಲು ಕೊಡಬೇಕು ಅಂತ ಕಾನೂನಿದೆ ಅಂತಾರೆ. ನಿಜವೇ? ಆ ಪುಸ್ತಕವನ್ನು ಹೊಸದಾಗಿ ಬರೆಸಬಹುದೇ? ತಿಳಿದವರು ಹೇಳಿ.

---

ಕೋಟೆ ಓಣಿ (ಬೀದರ)

ಉಪ್ಪಾಗೆ ಬಂದಿದೆ ಅಂದರೆ ಮಳೆನೂ ಬರಬಹುದು, ಪುಸ್ತಕ ತೆಗೆಯಬೇಡಿ ಅಣ್ಣಾರೆ 😀

ನಮ್ಮ ಅತ್ತೆಯ ಊರಿನ ಪುಸ್ತಕದಲ್ಲೂ ಇದೇ ಕಥೆ. ದನದ ಪುಟದಲ್ಲಿ 'ದೇಶಿ' ಅಂತ ಒಂದೇ ಮಾತು. ದೇವಣಿ ದನದ ತಳಿ ಹುಟ್ಟಿದ ಸೀಮೆ ನಮ್ಮದು. ನಮ್ಮ ಮಾವ ದೂರದಿಂದಲೇ ನೋಡಿ ಇದು ವನ್ನೇರಾ, ಇದು ಬಾಳಂಕ್ಯಾ, ಇದು ಶೇವರಾ ಅಂತ ಹೇಳುತ್ತಾರೆ. ಪೂರ್ತಿ ಬೆಳ್ಳಗಿದ್ದರೆ ಬಾಳಂಕ್ಯಾ. ಮೈ ಬಿಳಿ, ಮುಖದಲ್ಲಿ ಕಪ್ಪು ಇದ್ದರೆ ವನ್ನೇರಾ. ಕಪ್ಪು ಬಿಳಿ ಮಚ್ಚೆ ಇದ್ದರೆ ಶೇವರಾ. ಬರೆದವನು ದನದ ಕೊಟ್ಟಿಗೆಗೆ ಇಣುಕಿಯೂ ನೋಡಿಲ್ಲ.

---

ಹಳೆ ಕಾರಕೂನ

ನಾನು ಕೆಲವು ವರ್ಷ ಪಂಚಾಯ್ತಿಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡಿದವನು. ತಪ್ಪು ಒಪ್ಪಿಕೊಳ್ಳುತ್ತೇನೆ, ಅಂಥ ಪುಸ್ತಕ ನಾನೂ ಟೈಪ್ ಮಾಡಿದ್ದೇನೆ.

ಆಗ ಏನಾಯ್ತು ಅಂದರೆ, ಜೀವವೈವಿಧ್ಯ ಕಾನೂನು ಬಂದದ್ದು 2002ರಲ್ಲಿ. ಬಹಳ ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2016ರಲ್ಲಿ ಒಬ್ಬರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಎಲ್ಲ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಆಗಬೇಕು, ದಾಖಲಾತಿ ಆಗಬೇಕು ಅಂತ ಕೇಳಿದರು. 2019ರಲ್ಲಿ ನ್ಯಾಯಮಂಡಳಿ ಗಡುವು ಹಾಕಿತು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲವಾದರೆ ತಿಂಗಳಿಗೆ 10 ಲಕ್ಷ ರೂಪಾಯಿ ರಾಜ್ಯ ಕಟ್ಟಬೇಕು ಅಂತ. ಮೇಲಿಂದ ಫೋನ್ ಮೇಲೆ ಫೋನ್. ಒಂದು ಪುಸ್ತಕ ಸರಿಯಾಗಿ ಆಗಬೇಕಾದರೆ ಮುಂಗಾರು, ಹಿಂಗಾರು, ಬೇಸಿಗೆ ಮೂರೂ ಕಾಲ ಊರು ಸುತ್ತಬೇಕು. ನಮಗೆ ಸಿಕ್ಕಿದ್ದು ಹದಿನೈದು ದಿನ. ಯಾರೋ ಪೆನ್‌ಡ್ರೈವ್‌ನಲ್ಲಿ ನಮೂನೆ ಕೊಟ್ಟರು, ನಾವು ಊರ ಹೆಸರು ಹಾಕಿದೆವು. ಈಗ ದೇಶದಲ್ಲಿ 2.7 ಲಕ್ಷಕ್ಕೂ ಜಾಸ್ತಿ ಸಮಿತಿಗಳಿವೆ ಅಂತ ಲೆಕ್ಕ ತೋರಿಸುತ್ತಾರೆ. ಆ ಲೆಕ್ಕದಲ್ಲಿ ನಿಮ್ಮೂರ ಉಪ್ಪಾಗೆಯೂ ಇದೆ.

ತಿದ್ದಬಹುದೇ ಅಂತ ಕೇಳಿದ್ದೀರಿ. ತಿದ್ದಬಹುದು. ತಿದ್ದುತ್ತಲೇ ಇರಬೇಕಾದ ಪುಸ್ತಕ ಅದು. ಸಮಿತಿ ಠರಾವು ಮಾಡಿ ಹೊಸ ಪುಟ ಸೇರಿಸಲಿ. ಪಿಡಿಓ ಹತ್ತಿರ ಮೊದಲು ಒಂದು ಪ್ರಶ್ನೆ ಕೇಳಿ: ಸಮಿತಿಯ ಸದಸ್ಯರು ಯಾರ್ಯಾರು? ಎಷ್ಟೋ ಕಡೆ ಸದಸ್ಯರಿಗೇ ತಾವು ಸದಸ್ಯರು ಅಂತ ಗೊತ್ತಿರೋದಿಲ್ಲ.

---

ಕರಿಕೋಟು (ಕಲಬುರಗಿ)

ವಕೀಲಿ ಮಾಡುತ್ತೇನೆ, ಈ ಕಾನೂನು ಸ್ವಲ್ಪ ಓದಿದ್ದೇನೆ. ಎರಡನೇ ಪ್ರಶ್ನೆಗೆ ಉತ್ತರ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಊರಿಗೆ ಹಣ ಬರೋ ದಾರಿ ಎರಡು.

ಒಂದು ಸೀದಾ ದಾರಿ. ಕಾನೂನಿನ 41ನೇ ಕಲಮಿನಲ್ಲಿದೆ. ತನ್ನ ಹದ್ದಿನೊಳಗೆ ವ್ಯಾಪಾರಕ್ಕಾಗಿ ಗಿಡಮೂಲಿಕೆ, ಬೀಜ, ತೊಗಟೆ ಇಂಥದ್ದನ್ನು ಸಂಗ್ರಹಿಸುವವರ ಮೇಲೆ ಸಮಿತಿ ಶುಲ್ಕ ಹಾಕಬಹುದು. ಅಂದರೆ ನಿಮ್ಮ ಬೇವಿನ ಟೆಂಪೋ. ಆರಿಸುವ ಹೆಂಗಸರ ಮೇಲಲ್ಲ, ಒಯ್ಯುವ ವ್ಯಾಪಾರಿ ಮೇಲೆ. ಆ ಹಣ ಸ್ಥಳೀಯ ಜೀವವೈವಿಧ್ಯ ನಿಧಿಗೆ ಹೋಗಬೇಕು, ಪಂಚಾಯ್ತಿಯ ಬೇರೆ ಖರ್ಚಿಗೆ ಅಲ್ಲ.

ಇನ್ನೊಂದು ಸುತ್ತಿನ ದಾರಿ. ಕಂಪನಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕು, ಲಾಭದಲ್ಲಿ ಪಾಲು ಕಟ್ಟಬೇಕು. ವಿದೇಶಿ ಕಂಪನಿ ಆದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ನಾವು ಇಲ್ಲಿಯವರೇ, ನಾವ್ಯಾಕೆ ಪಾಲು ಕಟ್ಟಬೇಕು ಅಂತ ಆಯುರ್ವೇದ ಔಷಧ ಮಾಡುವ ದಿವ್ಯ ಫಾರ್ಮಸಿ ಉತ್ತರಾಖಂಡ ಹೈಕೋರ್ಟಿಗೆ ಹೋಗಿತ್ತು. 2018ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿತು: ದೇಶಿ ಕಂಪನಿಯೂ ಕಟ್ಟಬೇಕು. ಕಾಡು, ಬೆಟ್ಟ ಕಾಯ್ದುಕೊಂಡು ಬಂದ ಊರವರ ಹಕ್ಕು ಅದು ಅಂತ.

ದರ ಕೇಳುತ್ತೀರಿ ಅಂತ ಗೊತ್ತು. 2014ರ ನಿಯಮದಲ್ಲಿ ವರ್ಷದ ಮಾರಾಟದ ಮೇಲೆ ಶೇ 0.1ರಿಂದ 0.5ರವರೆಗೆ ಇತ್ತು. 2025ರಲ್ಲಿ ಹೊಸದು ಬಂತು. ವಹಿವಾಟು 5 ಕೋಟಿವರೆಗೆ ಇದ್ದರೆ ಏನೂ ಇಲ್ಲ. 5ರಿಂದ 50 ಕೋಟಿಗೆ ಶೇ 0.2, 250 ಕೋಟಿವರೆಗೆ 0.4, ಅದರ ಮೇಲೆ 0.6. ಪ್ರಾಧಿಕಾರ, ಮಂಡಳಿ ತಮ್ಮ ಪಾಲು ಇಟ್ಟುಕೊಂಡು ಉಳಿದದ್ದನ್ನು ಮೂಲ ಊರಿನ ಸಮಿತಿಗೆ ಕೊಡಬೇಕು.

ಇಲ್ಲೇ ಗಂಟು ಇರೋದು. ಮೂಲ ಊರು ಯಾವುದು ಅಂತ ಗೊತ್ತಾದರೆ ಮಾತ್ರ ಊರಿಗೆ. ಗೊತ್ತಾಗದಿದ್ದರೆ ಆ ಸೀಮೆಯ ಸಂರಕ್ಷಣೆಗೆ ಅಂತ ಬಳಸುತ್ತಾರೆ. ನಿಮ್ಮೂರ ಬೇವು ಕಲಬುರಗಿಯ ಗೋದಾಮಿನಲ್ಲಿ ಸೇಡಂ, ಯಾದಗಿರಿ, ರಾಯಚೂರಿನ ಬೇವಿನ ಜೊತೆ ಒಂದೇ ರಾಶಿಗೆ ಬಿದ್ದ ಮೇಲೆ ಅದರ ಊರು ಯಾವುದು?

---

ಕೆಂಪು ತೊಗರಿ (ಆಳಂದ)

ವಕೀಲ್ರೆ, ಶೇ 0.2 ಅಂದರೆ ನೂರು ರೂಪಾಯಿಗೆ ಇಪ್ಪತ್ತು ಪೈಸೆ. ಇಪ್ಪತ್ತು ಪೈಸೆ ಈಗ ಭಿಕ್ಷುಕನೂ ತಗೋಳಲ್ಲ. ಅದಕ್ಕೆ ಸಮಿತಿ, ಪುಸ್ತಕ, ಠರಾವು, ಸಿಕ್ಕಾ. ನಾವು ಬಿತ್ತನೆ ಮಾಡಬೇಕೋ ಸಭೆ ಮಾಡಬೇಕೋ?

ನನ್ನ ಪ್ರಶ್ನೆ ಬೇರೆ. ತೊಗರಿಗೆ ಏನಿದೆ? ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಬಂತು, ಫ್ಲೆಕ್ಸ್ ಹಾಕಿದರು, ಸಿಹಿ ಹಂಚಿದರು. 2022ರಲ್ಲಿ ನೆಟೆ ರೋಗ ಬಂದಾಗ ನನ್ನ ಆರು ಎಕರೆ ಕಾಯಿ ಕಟ್ಟೋ ಹೊತ್ತಿಗೆ ನಿಂತಲ್ಲೇ ಒಣಗಿತು. ಬೆಳಿಗ್ಗೆ ಹಸಿರು ಇದ್ದ ಗಿಡ ಸಂಜೆಗೆ ಬಾಡಿರುತ್ತಿತ್ತು. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಆ ಸೂಚ್ಯಂಕ ಒಂದು ಗಿಡಾನೂ ಉಳಿಸಲಿಲ್ಲ.

ನಮ್ಮ ಅಜ್ಜನ ಕಾಲದಲ್ಲಿ ಇದೇ ಹೊಲದಲ್ಲಿ ನಾಲ್ಕೈದು ತರದ ತೊಗರಿ ಇತ್ತಂತೆ. ಕೆಂಪು, ಬಿಳಿ, ಕರಿ ಚುಕ್ಕೆಯದು. ಒಂದು ಹೋದರೆ ಇನ್ನೊಂದು ನಿಲ್ಲುತ್ತಿತ್ತು. ಈಗ ಊರೆಲ್ಲಾ ಒಂದೇ ಬೀಜ. ರೋಗಕ್ಕೂ ಅದೇ ಸಲೀಸು.

---

ಸುರಪುರದ ಮಾಸ್ತರ

ಕೆಂಪು ತೊಗರಿಯವರೆ, ನಿಮ್ಮ ಸಿಟ್ಟು ಸರಿ ಇದೆ. ಆದರೆ ಮೂರು ಕಾನೂನು ಕಲಸಿಹೋಗಿವೆ, ಬಿಡಿಸುತ್ತೇನೆ.

ಭೌಗೋಳಿಕ ಸೂಚ್ಯಂಕ ಕಾಯೋದು ಹೆಸರನ್ನು. ಬೇರೆ ಕಡೆಯ ಬೇಳೆಯನ್ನು 'ಕಲಬುರಗಿ ತೊಗರಿ' ಅಂತ ಮಾರಬಾರದು, ಅಷ್ಟೇ. ಬೀಜಕ್ಕೂ ಅದಕ್ಕೂ ಸಂಬಂಧ ಇಲ್ಲ.

ಜೀವವೈವಿಧ್ಯ ಕಾನೂನಿನಲ್ಲಿ ತೊಗರಿಯಿಂದ ಊರಿಗೆ ಹಣ ಬರೋದು ಕಷ್ಟ. ತೊಗರಿ, ಜೋಳ, ಕಡಲೆ ಎಲ್ಲಾ 2001ರ ಅಂತರರಾಷ್ಟ್ರೀಯ ಬೆಳೆ ಒಪ್ಪಂದದ ಪಟ್ಟಿಯಲ್ಲಿವೆ. ಆಹಾರ ಮತ್ತು ಕೃಷಿಗಾಗಿ, ಸಂಶೋಧನೆಗಾಗಿ ದೇಶಗಳು ಒಂದಕ್ಕೊಂದು ಬೀಜ ಕೊಡಬೇಕು ಅನ್ನೋದು ಅದರ ಕರಾರು. ಪಾಲು ಬಂದರೂ ಅದು ಜಾಗತಿಕ ನಿಧಿಗೆ ಹೋಗುತ್ತದೆ, ನಿಮ್ಮ ಮನೆ ಬಾಗಿಲಿಗಲ್ಲ. ಇದನ್ನು ಪೂರ್ತಿ ಅನ್ಯಾಯ ಅನ್ನೋಕೆ ನನಗೆ ಮನಸ್ಸಿಲ್ಲ. ನಮ್ಮ ಕಡೆ ನೆಟೆ ರೋಗ ತಡೆದ 'ಮಾರುತಿ' ತೊಗರಿ ಇದೆಯಲ್ಲ, ಐಸಿಪಿ 8863. ಪಟಂಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಹಳೆಯ ನಾಟಿ ತಳಿಯಿಂದ ಆರಿಸಿ ತೆಗೆದದ್ದು. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆ ಆಯ್ತು. ಯಾವುದೋ ಊರಿನ ಯಾರೋ ರೈತ ಉಳಿಸಿದ್ದ ಬೀಜ ನಮ್ಮ ಹೊಲ ಉಳಿಸಿತು. ಅವನಿಗೆ ನಾವೂ ಏನೂ ಕೊಟ್ಟಿಲ್ಲ.

ನಿಮಗೆ ಬೇಕಾದದ್ದು ಮೂರನೇ ಕಾನೂನು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ. ರೈತ ತನ್ನ ತಳಿಯನ್ನು ತನ್ನ ಹೆಸರಿನಲ್ಲಿ, ಅಥವಾ ಊರಿನ ಹೆಸರಿನಲ್ಲಿ ನೋಂದಾಯಿಸಬಹುದು. ರೈತರಿಗೆ ಶುಲ್ಕ ಇಲ್ಲ. ಹೊಲದ ಬೆಳೆ ಆದರೆ 15 ವರ್ಷ ಹಕ್ಕು. ಅದನ್ನು ಬಳಸಿ ಯಾರಾದರೂ ಹೊಸ ತಳಿ ಮಾಡಿ ಮಾರಿದರೆ ಪಾಲು ಕೇಳಬಹುದು. ದಂಡೆಯವರೆ, ನಿಮ್ಮ ಆಯಿಯ ಅಳ್ಳಿನ ಜೋಳಕ್ಕೂ ಇದೇ ದಾರಿ. ಕೃಷಿ ವಿಜ್ಞಾನ ಕೇಂದ್ರದವರನ್ನು ಒಮ್ಮೆ ಮನೆಗೆ ಕರೆಯಿರಿ, ತೆನೆ ತೋರಿಸಿ. ಬೀಜ ಮಾತ್ರ ಎಲ್ಲವನ್ನೂ ಕೊಟ್ಟು ಕಳಿಸಬೇಡಿ, ಅರ್ಧ ತೊಲೆ ಮೇಲೇ ಇರಲಿ.

---

ತಾಂಡಾದ ಮಗಳು (ಕುಂಚಾವರಂ ಕಡೆ)

ಎಲ್ಲರೂ 'ಊರಿಗೆ ಪಾಲು' 'ಊರಿಗೆ ಪಾಲು' ಅಂತ ಬರೀತಿದ್ದೀರಿ. ಊರು ಅಂದರೆ ಯಾರು ಅಂತ ಯಾರೂ ಕೇಳಲಿಲ್ಲ.

ನಮ್ಮದು ತಾಂಡಾ. ಪಂಚಾಯ್ತಿ ಇರೋದು ಮೂರು ಕಿಲೋಮೀಟರ್ ಆಚೆ ಊರಲ್ಲಿ. ಕಾಡಿಗೆ ಹೋಗೋರು ನಾವು. ಬೀಡಿ ಎಲೆ ನಾವು, ಸೀತಾಫಲ ನಾವು, ಅಳಲೆಕಾಯಿ ನಾವು, ಜೇನು ನಾವು. ಚಿಂಚೋಳಿ ವನ್ಯಜೀವಿ ಧಾಮ ಆದ ಮೇಲೆ ಬೈಸಿಕೊಳ್ಳೋರೂ ನಾವು. ಸೀತಾಫಲದ ಕಾಲದಲ್ಲಿ ನಮ್ಮ ಯಾಡಿ (ಅವ್ವ) ನಸುಕಿನ ನಾಲ್ಕಕ್ಕೆ ಎದ್ದು ಹೋಗುತ್ತಾಳೆ. ಕಣ್ಣು ಬಿಟ್ಟ ಕಾಯಿ ಮಾತ್ರ ಕೀಳುತ್ತಾಳೆ. ಗೆರೆಗಳ ನಡುವೆ ಬೆಳ್ಳಗೆ ಬಿರಿದಿದ್ದರೆ ಕಣ್ಣು ಬಿಟ್ಟಿದೆ ಅಂತ. ಅದು ಬಿಡದ ಕಾಯಿ ಕಿತ್ತರೆ ಕಲ್ಲಾಗುತ್ತದೆ, ಹಣ್ಣಾಗಲ್ಲ. ಒಂದು ಗಿಡದಲ್ಲಿ ಹಕ್ಕಿಗೆ ಅಂತ ನಾಲ್ಕೈದು ಬಿಡುತ್ತಾಳೆ. ಇದೆಲ್ಲಾ ಯಾವ ಪುಸ್ತಕದಲ್ಲಿದೆ? ನಾಳೆ ಹಣ ಬಂದರೆ ಅದನ್ನು ಪಂಚಾಯ್ತಿ ಊರಿನ ಗುಡಿ ಮುಂದೆ ಸಿಮೆಂಟ್ ಹಾಕೋಕೆ ಬಳಸುತ್ತೆ. ಬರೆದಿಟ್ಟುಕೊಳ್ಳಿ.

ಸಮಿತಿಯಲ್ಲಿ ಹೆಂಗಸರು ಇರಬೇಕಂತೆ. ನಮ್ಮಲ್ಲಿ ಸದಸ್ಯೆಯ ಬದಲು ಗಂಡ ಸಹಿ ಹಾಕುತ್ತಾನೆ.

---

ಕರಿಕೋಟು

ಅಕ್ಕಾ, ನೀವು ಕೇಳಿದ್ದು ಈ ಕಾನೂನಿನ ಅತೀ ದುರ್ಬಲ ಜಾಗ. 2004ರ ನಿಯಮದಲ್ಲೇ ಮೂರನೇ ಒಂದು ಭಾಗ ಹೆಂಗಸರು, ಶೇ 18 ಪರಿಶಿಷ್ಟ ಜಾತಿ ಪಂಗಡದವರು ಇರಬೇಕು ಅಂತ ಇತ್ತು. ಕಾಗದದಲ್ಲಿ ಇದೆ, ಕುರ್ಚಿಯಲ್ಲಿ ಇಲ್ಲ.

ನಿಮಗೆ ಇನ್ನೊಂದು ಹಿಡಿಕೆ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ. ಅದರಲ್ಲಿ ಕಾಡುತ್ಪನ್ನದ ಒಡೆತನವೂ ಇದೆ, ಜೀವವೈವಿಧ್ಯದ ಬಗ್ಗೆ ಸಮುದಾಯಕ್ಕಿರುವ ತಿಳಿವಳಿಕೆಯ ಹಕ್ಕೂ ಇದೆ. ಗ್ರಾಮಸಭೆ ತಾಂಡಾದ ಮಟ್ಟದಲ್ಲೇ ಸೇರಬಹುದು. ತೊಡಕು ಏನಂದರೆ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ ಅಲ್ಲ. ಹಾಗಾಗಿ 2005ರ ಡಿಸೆಂಬರ್ 13ಕ್ಕೆ ಮೊದಲು 75 ವರ್ಷ ಆ ಕಾಡನ್ನು ನೆಚ್ಚಿ ಬದುಕಿದ್ದೀರಿ ಅಂತ ತೋರಿಸಬೇಕು. ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಕೊಡಬಹುದು. ಹಿರಿಯರು ಇರುವಾಗಲೇ ಬರೆಸಿಕೊಳ್ಳಿ.

---

ಕೋಟೆ ಓಣಿ

ಒಂದು ದಡ್ಡ ಪ್ರಶ್ನೆ. ಬಿದ್ರಿ ಕೆಲಸಕ್ಕೆ ಕೋಟೆಯ ಮಣ್ಣು ಬೇಕಲ್ವಾ. ಆ ಮಣ್ಣು ಹಚ್ಚಿದರೇ ಬಿದ್ರಿ ಕಪ್ಪಾಗೋದು, ಬೆಳ್ಳಿ ಹಾಗೇ ಉಳಿಯೋದು. ಕುಶಲಕರ್ಮಿಗಳು ನಾಲಿಗೆಗೆ ಇಟ್ಟು ರುಚಿ ನೋಡಿ ಮಣ್ಣು ಆರಿಸುತ್ತಾರೆ. ಆ ಮಣ್ಣಿಗೂ ಪಾಲು ಇದೆಯಾ?

---

ಕರಿಕೋಟು

ದಡ್ಡ ಪ್ರಶ್ನೆ ಅಲ್ಲ. ಮಣ್ಣು ಜೀವಿ ಅಲ್ಲ, ಆದ್ದರಿಂದ ಬಿದ್ರಿ ಮಣ್ಣು ಈ ಕಾನೂನಿಗೆ ಬರೋದಿಲ್ಲ. ಬಿದ್ರಿಗೆ ಭೌಗೋಳಿಕ ಸೂಚ್ಯಂಕ ಇದೆ, ಅದು ಬೇರೆ.

ಆದರೆ ಮಣ್ಣೊಳಗಿನ ಸೂಕ್ಷ್ಮಜೀವಿ ಬರುತ್ತದೆ! 2025ರ ಸುದ್ದಿ ಕೇಳಿ. ಒಂದು ಕಂಪನಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಸಾಖರವಾಡಿ, ಪುಣೆ ಜಿಲ್ಲೆಯ ಕುಂಜೀರವಾಡಿ, ಉತ್ತರ ಪ್ರದೇಶದ ಕಾಸ್‌ಗಂಜ್, ಈ ಮೂರು ಕಡೆಯ ಮಣ್ಣು ಮತ್ತು ಕಾರ್ಖಾನೆಯ ಕೊಳೆ ನೀರಿನ ಮಾದರಿ ಒಯ್ದಿತ್ತು. ಅದರಲ್ಲಿನ ಸೂಕ್ಷ್ಮಜೀವಿ ಬಳಸಿ ಒಂದು ತರದ ಸಕ್ಕರೆ ಪದಾರ್ಥ ತಯಾರಿಸಿತು. ಅದರ ಪಾಲನ್ನು ರಾಷ್ಟ್ರೀಯ ಪ್ರಾಧಿಕಾರ ಆ ಮೂರು ಕಡೆಯ ಸಮಿತಿಗಳಿಗೆ ಅಂತ ಬಿಡುಗಡೆ ಮಾಡಿತು. ತಲಾ 45 ಲಕ್ಷ ರೂಪಾಯಿಗೂ ಜಾಸ್ತಿ.

ಕೆಂಪು ತೊಗರಿಯವರೆ, ಇಪ್ಪತ್ತು ಪೈಸೆ ಅಂದಿರಲ್ಲ, ಇದನ್ನು ಓದಿ. ಅಲ್ಲಿ ಯಾವ ಮಾದರಿ ಯಾವ ಊರಿನದು ಅಂತ ದಾಖಲೆ ಇತ್ತು. ಅದಕ್ಕೇ ಹಣ ಊರು ಹುಡುಕಿಕೊಂಡು ಹೋಯ್ತು.

---

ಕೆಂಪು ತೊಗರಿ

ಕೊಳೆ ನೀರಿಗೆ 45 ಲಕ್ಷ! ನಮ್ಮೂರ ಹಳ್ಳ ತೋರಿಸಲಾ ಅವರಿಗೆ?

---

ಸುರಪುರದ ಮಾಸ್ತರ

ನಗಬೇಡಿ, ನನಗೊಂದು ಚಿಂತೆ ಇದೆ. ಪುಸ್ತಕದಲ್ಲಿ ಎಲ್ಲಾ ಬರೆದರೆ ಒಳ್ಳೇದು ಅಂತ ಎಲ್ಲರೂ ಅಂದುಕೊಂಡಿದ್ದೀರಿ. ನಮ್ಮ ಕಾಕಾ ಕಾಮಾಲೆಗೆ ಔಷಧ ಕೊಡುತ್ತಾರೆ. ರವಿವಾರ, ಬರಿ ಹೊಟ್ಟೆಯಲ್ಲಿ, ಹಾಲಿನ ಜೊತೆ. ಯಾವ ಬೇರು ಅಂತ ಸ್ವಂತ ಮಗನಿಗೂ ಹೇಳಿಲ್ಲ. ಹೇಳಿದರೆ ಗುಣ ಹೋಗುತ್ತದೆ ಅಂತ ನಂಬಿಕೆ. ದಾಖಲಾತಿಯವರು ಬಂದು ಬರೆದುಕೊಂಡರೆ ಅದು ನಾಳೆ ಮೊಬೈಲಿನಲ್ಲಿ ಬರುತ್ತದೆ, ನಾಡಿದ್ದು ಸೀಸೆಯಲ್ಲಿ ಬರುತ್ತದೆ.

ಕೇರಳದ ಕಾಣಿ ಬುಡಕಟ್ಟಿನ ಕಥೆ ಗೊತ್ತಿರಬಹುದು. 1987ರಲ್ಲಿ ಅಗಸ್ತ್ಯಮಲೆ ಹತ್ತುವಾಗ ದಾರಿ ತೋರಿಸಲು ಬಂದ ಕಾಣಿ ಹುಡುಗರು ಏನೋ ಸಣ್ಣ ಹಣ್ಣು ತಿನ್ನುತ್ತಿದ್ದರು, ದಣಿಯುತ್ತಿರಲಿಲ್ಲ. ವಿಜ್ಞಾನಿಗಳು ಕೇಳಿದರು. ಹುಡುಗರು ಮೊದಲು ಬಾಯಿ ಬಿಡಲಿಲ್ಲ, ಆಮೇಲೆ ಆರೋಗ್ಯಪಚ್ಚೆ ಗಿಡ ತೋರಿಸಿದರು. ಅದರಿಂದ 'ಜೀವನಿ' ಅನ್ನೋ ಔಷಧ ಆಯ್ತು. ಕಂಪನಿ 10 ಲಕ್ಷ ರೂಪಾಯಿ, ಮೇಲೆ ಶೇ 2 ರಾಯಧನ ಕೊಟ್ಟಿತು. ಅದರಲ್ಲಿ ಅರ್ಧ ಕಾಣಿಗಳ ಟ್ರಸ್ಟಿಗೆ. ಲಾಭ ಹಂಚಿಕೆ ಅಂದರೆ ಜಗತ್ತೆಲ್ಲಾ ಇದೇ ಉದಾಹರಣೆ ಕೊಡುತ್ತದೆ. ಆದರೆ ಗಿಡದ ಗುಟ್ಟು ಗೊತ್ತಿದ್ದ ಹಿರಿಯ ವೈದ್ಯರಲ್ಲಿ ಕೆಲವರು ಸಿಟ್ಟಾದರು. ನಮ್ಮನ್ನು ಯಾರು ಕೇಳಿದರು ಅಂತ. ಎರಡು ಮೂರು ಹುಡುಗರ ಒಪ್ಪಿಗೆ ಇಡೀ ಕುಲದ ಒಪ್ಪಿಗೆ ಆಗುತ್ತದೆಯೇ?

---

ಕರಿಕೋಟು

ಮಾಸ್ತರೆ, ಕಾಕಾರಿಗೆ ಹೇಳಿ, ಬೇರಿನ ಹೆಸರು ಬರೆಸಲೇಬೇಕು ಅಂತ ಇಲ್ಲ. 'ಕಾಮಾಲೆಗೆ ಔಷಧ ಕೊಡುವವರು ಈ ಊರಲ್ಲಿ ಇದ್ದಾರೆ' ಅಂತ ಒಂದು ಸಾಲು ಸಾಕು. ಗುಟ್ಟಾಗಿ ಇಡಬೇಕಾದದ್ದನ್ನು ಬೇರೆ ಇಡಬಹುದು.

ಬರೆದಿಟ್ಟರೆ ಕಾಪಾಡುತ್ತದೆ ಅನ್ನೋದಕ್ಕೂ ಉದಾಹರಣೆ ಇದೆ. ಬೇವಿನ ಮೇಲೆ ಯುರೋಪಿನಲ್ಲಿ ಅಮೆರಿಕದ ಕಂಪನಿ ತಗೊಂಡಿದ್ದ ಪೇಟೆಂಟ್ 2000ದಲ್ಲಿ ರದ್ದಾಯ್ತು, 2005ರಲ್ಲಿ ಮೇಲ್ಮನವಿಯಲ್ಲೂ ಬಿತ್ತು. ಇದು ಮೊದಲೇ ಇಲ್ಲಿ ಗೊತ್ತಿತ್ತು ಅಂತ ತೋರಿಸೋಕೆ ಆಗಿದ್ದರಿಂದ ಗೆದ್ದದ್ದು.

ಆದರೆ ಜೀವವೈವಿಧ್ಯ ಕಾನೂನಿಗೆ 2023ರಲ್ಲಿ ಆದ ತಿದ್ದುಪಡಿ ನೋಡಿಕೊಳ್ಳಿ. 2024ರ ಏಪ್ರಿಲ್‌ನಿಂದ ಜಾರಿ. ಗ್ರಂಥಸ್ಥ ಪರಂಪರೆಯ ಜ್ಞಾನ ಬಳಸುವವರಿಗೆ ವಿನಾಯಿತಿ ಕೊಟ್ಟಿದ್ದಾರೆ. ಬೆಳೆಸಿದ ಔಷಧಿ ಗಿಡಕ್ಕೂ ವಿನಾಯಿತಿ, ಆದರೆ ಎಲ್ಲಿ ಬೆಳೆದದ್ದು ಅಂತ ಸಮಿತಿಯಿಂದ ಮೂಲ ಪ್ರಮಾಣಪತ್ರ ಬೇಕು. ಜೈಲು ಶಿಕ್ಷೆ ತೆಗೆದು ದಂಡ ಇಟ್ಟಿದ್ದಾರೆ, 1 ಲಕ್ಷದಿಂದ 50 ಲಕ್ಷದವರೆಗೆ. ಗ್ರಂಥಸ್ಥ ಅಂದರೆ ಸರ್ಕಾರ ಪಟ್ಟಿ ಮಾಡಿದ ಆಯುರ್ವೇದ, ಸಿದ್ಧ, ಯುನಾನಿ ಗ್ರಂಥಗಳಲ್ಲಿ ಇರುವುದು. ನಿಮ್ಮ ಕಾಕಾರ ಬೇರು ಅಲ್ಲಿಲ್ಲ, ಅವರ ತಲೆಯಲ್ಲಿದೆ. ಅದಕ್ಕೆ ಪಾಲಿನ ಹಕ್ಕು ಇನ್ನೂ ಇದೆ. ನನ್ನ ಕೇಳಿದರೆ ಈ ತಿದ್ದುಪಡಿ ಕಂಪನಿಗಳಿಗೆ ಹಾಸಿದ ಕಂಬಳಿ. ಗೋದಾಮಿನ ಅಶ್ವಗಂಧ ಕಾಡಿನದೋ ತೋಟದ್ದೋ ಅಂತ ಯಾರು ನೋಡುತ್ತಾರೆ? ನೋಡಬೇಕಾದವರು ಸಮಿತಿಯವರು. ಅವರ ಪುಸ್ತಕದಲ್ಲಿ ಉಪ್ಪಾಗೆ.

---

ತಾಂಡಾದ ಮಗಳು

ಬರವಣಿಗೆ ಬಿಟ್ಟು ಬೀಜ ಮಾತ್ರ ನೋಡೋದಾದರೆ ಜಹೀರಾಬಾದ್ ಹತ್ತಿರ ಪಸ್ತಾಪುರಕ್ಕೆ ಹೋಗಿಬನ್ನಿ. ಬೀದರಿನಿಂದ ಒಂದು ತಾಸಿನ ದಾರಿ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಂಗಸರು, ಬಹಳ ಜನ ದಲಿತರು, ಊರೂರಲ್ಲಿ ಬೀಜದ ಬ್ಯಾಂಕ್ ನಡೆಸುತ್ತಾರೆ. ಜನವರಿಯಲ್ಲಿ ಎತ್ತಿನ ಗಾಡಿಗಳಲ್ಲಿ ಬೀಜ ಇಟ್ಟುಕೊಂಡು ಊರಿಂದ ಊರಿಗೆ ಜಾತ್ರೆ ಹೋಗುತ್ತಾರೆ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ನಾನು ನೋಡಿದಾಗ ಒಬ್ಬ ಅಜ್ಜಿ ನವಣೆ, ಕೊರಲೆ, ಅಗಸೆ, ಗುರೆಳ್ಳು ಒಂದೊಂದೇ ಗಡಿಗೆ ತೆರೆದು ತೋರಿಸಿದಳು. ಬೂದಿ, ಬೇವಿನ ಸೊಪ್ಪು, ಮೇಲೆ ಮಣ್ಣಿನ ಮುಚ್ಚಳ. ಓದು ಬರಹ ಇಲ್ಲ. ಯಾರು ಎಷ್ಟು ಸೇರು ಒಯ್ದರು, ಎಷ್ಟು ತಿರುಗಿ ತರಬೇಕು ಎಲ್ಲಾ ಬಾಯಲ್ಲೇ.

ನಮ್ಮಲ್ಲೂ ಎಳ್ಳ ಅಮಾವಾಸ್ಯೆ ಭಜ್ಜಿಗೆ ಎಷ್ಟು ತರದ ಕಾಳು, ಎಷ್ಟು ತರದ ಸೊಪ್ಪು ಹಾಕುತ್ತಿದ್ದರು ಅಂತ ನಿಮ್ಮ ಆಯಿಯನ್ನು ಕೇಳಿ ದಂಡೆ ಅಣ್ಣಾ. ದಾಖಲಾತಿ ಅಲ್ಲೇ ಆಗುತ್ತದೆ.

---

ಮುಲ್ಲಾಮಾರಿ ದಂಡೆ

ತಡ ಆಯ್ತು, ಮಾಫಿ ಇರಲಿ. ಒಂದೂವರೆ ತಿಂಗಳಿಂದ ಈ ಕಡೆ ಬರಲಾಗಲಿಲ್ಲ. ಏನೇನಾಯ್ತು ಹೇಳುತ್ತೇನೆ.

ತಾಂಡಾದ ಅಕ್ಕನ ಮಾತು ಹಿಡಿದು ಆಯಿಗೆ ಭಜ್ಜಿ ಲೆಕ್ಕ ಕೇಳಿದೆ. ಕೂತಲ್ಲೇ ಬೆರಳು ಮಡಚುತ್ತಾ ಹೋದಳು. ಹಸಿ ತೊಗರಿ, ಹಸಿ ಕಡಲೆ, ಅವರೆ, ಅಲಸಂದಿ, ಬಟಾಣಿ, ಶೇಂಗಾ, ಮೆಂತ್ಯ, ಪುಂಡಿ, ಹುಣಚಿಕ್ಕ, ರಾಜಗಿರಿ... ನಡುವೆ ಪಕ್ಕದ ಮನೆ ಇಬ್ಬರು ಅಜ್ಜಿಯರು ಬಂದು ಕೂತರು. ಜಗಳವೇ ಶುರು. ಒಬ್ಬಳು ಮಡಿಕೆ ಕಾಳು ಹಾಕುತ್ತಿದ್ದರು ಅಂತ, ಇನ್ನೊಬ್ಬಳು ಅದು ಭಜ್ಜಿಗಲ್ಲ ಉಸುಳಿಗೆ ಅಂತ. ನನ್ನ ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಎರಡು ಸಂಜೆಗೆ ಏಳು ಪುಟ ಆಯ್ತು. ಯಾವ ಬೀಜ ಯಾರ ಮನೆಯಲ್ಲಿ ಇನ್ನೂ ಇದೆ, ಯಾವುದು ಹೋಗಿದೆ ಅಂತಲೂ ಬರೆದಿದ್ದಾಳೆ. ಹೋದದ್ದರ ಪಟ್ಟಿಯೇ ಉದ್ದ.

ಪಂಚಾಯ್ತಿಗೆ ಹೋಗಿ ಸಮಿತಿ ಸದಸ್ಯರ ಪಟ್ಟಿ ಕೇಳಿದೆ. ಕಾರಕೂನರು ಹೇಳಿದ್ದು ನಿಜ. ಏಳು ಜನರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಇಬ್ಬರು ಪುಣೆಗೆ ದುಡಿಯಲು ಹೋಗಿದ್ದಾರೆ, ಒಬ್ಬರಿಗೆ ತಾವು ಸದಸ್ಯರು ಅಂತಲೇ ಗೊತ್ತಿಲ್ಲ. ಗ್ರಾಮಸಭೆಯಲ್ಲಿ ವಿಷಯ ಎತ್ತಿದೆ. ಸ್ವಲ್ಪ ಗದ್ದಲ ಆಯ್ತು. ಇದರಿಂದ ಮನೆ ಬರುತ್ತಾ, ರಸ್ತೆ ಬರುತ್ತಾ ಅಂತ ಕೇಳಿದರು. ಕೊನೆಗೆ ಖಾಲಿ ಜಾಗಕ್ಕೆ ಮೂವರು ಹೆಂಗಸರ ಹೆಸರು ಬರೆದರು. ಅದರಲ್ಲಿ ಒಬ್ಬರು ತಾಂಡಾದವರು. ಪಿಡಿಓ ಸಾಹೇಬರು ಹೊಸ ಪುಟ ಸೇರಿಸಲು ಒಪ್ಪಿದ್ದಾರೆ, ಉಪ್ಪಾಗೆಯನ್ನು ಹೊಡೆದು ಹಾಕಲು ಮೇಲಿನವರ ಅಪ್ಪಣೆ ಬೇಕಂತೆ!

ಶುಲ್ಕದ ಠರಾವು ಆಗಿಲ್ಲ. ವ್ಯಾಪಾರಿ ಬರೋದೇ ನಿಲ್ಲಿಸಿದರೆ ಅಂತ ಬೀಜ ಆರಿಸುವ ಹೆಂಗಸರೇ ಹೆದರಿದರು. ಅವರ ಹೆದರಿಕೆ ಸುಳ್ಳಲ್ಲ. ಅದಕ್ಕೆ ಈ ಸಲ ಇಷ್ಟೇ ಕೇಳೋಣ ಅಂದುಕೊಂಡೆವು: ತೂಕದ ಚೀಟಿ ಎರಡು ಪ್ರತಿ ಆಗಬೇಕು, ಅದರಲ್ಲಿ ಊರ ಹೆಸರು ಇರಬೇಕು, ಒಂದು ಪ್ರತಿ ಸಮಿತಿಗೆ.

ಹೋದ ಶುಕ್ರವಾರ ಟೆಂಪೋ ಬಂತು. ಗುಡಿ ಕಟ್ಟೆ ಹತ್ತಿರ ತಕ್ಕಡಿ ಕಟ್ಟಿದ. ಹೊಸ ಸದಸ್ಯೆ, ತಾಂಡಾದ ಅಮ್ಮ, ಪಕ್ಕದಲ್ಲೇ ನಿಂತಿದ್ದಳು. ಚೀಟಿಯಲ್ಲಿ ಊರ ಹೆಸರು ಬರಿ ಅಂದಳು. ಅವನು ನಕ್ಕ. 'ಯಾಕವ್ವಾ, ಬೇವಿಗೂ ಪಹಣಿ ಮಾಡಸ್ತೀರೇನು?' ಅಂದ. ಅವಳು ಕೈ ಚಾಚಿಕೊಂಡು ನಿಂತೇ ಇದ್ದಳು. ಬರೆದುಕೊಟ್ಟ. ಊರ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟಿದ್ದ, ನನ್ನ ಮಗಳು ಅಲ್ಲೇ ತಿದ್ದಿಸಿದಳು.